ಸಣ್ಣ ಷೇರುದಾರರು ಆಡಿಯೋ ಕಂಪನಿಗೆ ಭೇಟಿ ಕೊಡುವುದು ಹೇಗೆ?

"ನನ್ನ ಹತ್ತಿರ ಇರೋದು ಬರೀ ಇನ್ನೂರು ಷೇರು. ಕಂಪನಿಗೆ ಹೋಗಿ ನೋಡಬಹುದಾ? ಒಳಗೆ ಬಿಡ್ತಾರಾ? ಬಿಟ್ಟರೂ ಅಲ್ಲಿ ಏನು ಕೇಳಬೇಕು?"

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಿಸೆಯಲ್ಲಿಟ್ಟುಕೊಳ್ಳುವ ಪ್ಲೇಯರ್, ವೈರ್‌ಲೆಸ್ ಇಯರ್‌ಬಡ್, ವಾಯ್ಸ್ ರೆಕಾರ್ಡರ್, ಇವುಗಳೊಳಗಿನ ಚಿಪ್ಪು ಮತ್ತು ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳ ಷೇರು ಇಟ್ಟುಕೊಂಡವರೇ ಹೆಚ್ಚಾಗಿ ಕೇಳುತ್ತಾರೆ. ಸಹಜವೇ. ಸಿಮೆಂಟ್ ಕಂಪನಿಯ ಷೇರು ಕೊಂಡವರಿಗೆ ಚೀಲ ಬಿಚ್ಚಿ ನೋಡುವ ಆಸೆ ಹುಟ್ಟುವುದಿಲ್ಲ. ಹಾಡು ಹೇಳುವ ಡಬ್ಬಿಯಾದರೆ ಕೈಯಲ್ಲಿ ಹಿಡಿದು, ಕಿವಿಗಿಟ್ಟು ನೋಡೋಣ ಅನ್ನಿಸುತ್ತದೆ.

ನೇರವಾಗಿ ಹೇಳುತ್ತೇನೆ: ಕೇಳಬಹುದು, ಎಷ್ಟೋ ಸಣ್ಣ ಕಂಪನಿಗಳು ಖುಷಿಯಿಂದ ಕರೆಯುತ್ತವೆ ಕೂಡ. ಆದರೆ ಒಳಗಿನ ಗುಟ್ಟು ತಿಳಿದುಕೊಂಡು ಬರುವ ಉದ್ದೇಶವಿದ್ದರೆ ಹೋಗಲೇಬೇಡಿ. ಸಾಮಾನ್ಯವಾಗಿ ಗುಟ್ಟು ಸಿಗುವುದಿಲ್ಲ, ಸಿಕ್ಕರೆ ಕಾನೂನಿನ ತೊಡಕು ನಿಮಗೇ ಸುತ್ತಿಕೊಳ್ಳುತ್ತದೆ. ಕಾಗದದ ಮೇಲೆ ಓದಿದ ಕಂಪನಿಯೂ ಕಣ್ಣೆದುರಿನ ಕಂಪನಿಯೂ ಒಂದೇ ಹೌದಾ ಎಂದು ತಾಳೆ ನೋಡುವುದಕ್ಕೆ ಮಾತ್ರ ಭೇಟಿ ಉಪಯೋಗ. ಅದಕ್ಕೆ ಒಂದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಸಾಕು: ಈ ಕಂಪನಿಗೆ ದುಡ್ಡು ಕೊಡುವವರು ಯಾರು, ಯಾವುದಕ್ಕೆ ಕೊಡುತ್ತಾರೆ, ಇನ್ನೆಷ್ಟು ದಿನ ಕೊಡುತ್ತಾರೆ?

ಈ ಪ್ರಶ್ನೆಗೆ ಇಷ್ಟು ಒತ್ತು ಯಾಕೆ ಅಂದರೆ, ಈ ಉದ್ಯಮದ ಚರಿತ್ರೆಯೇ ಹಾಗಿದೆ. ಆಪಲ್ 2001ರ ಅಕ್ಟೋಬರ್ 23ರಂದು ಮೊದಲ ಐಪಾಡ್ ತೋರಿಸಿದಾಗ ಅದರೊಳಗಿನ ಮುಖ್ಯ ಚಿಪ್ಪು ಪೋರ್ಟಲ್‌ಪ್ಲೇಯರ್ ಎಂಬ ಪುಟ್ಟ ಕಂಪನಿಯದು. ಐಪಾಡ್ ಏರಿದ ಹಾಗೆ ಅದೂ ಏರಿತು, 2004ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂತು. 2006ರ ಏಪ್ರಿಲ್‌ನಲ್ಲಿ, ಮುಂದಿನ ಐಪಾಡ್ ನ್ಯಾನೋಗಳಿಗೆ ತನ್ನ ಹೊಸ ಚಿಪ್ಪನ್ನು ಆಪಲ್ ಆರಿಸಿಲ್ಲ ಎಂದು ಆ ಕಂಪನಿಯೇ ಪ್ರಕಟಿಸಬೇಕಾಯಿತು. ಷೇರಿನ ಬೆಲೆ ಕುಸಿದುಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಎನ್ವಿಡಿಯಾ ಎಂಬ ದೊಡ್ಡ ಚಿಪ್ಪು ಕಂಪನಿ ಅದನ್ನು ಸುಮಾರು 35.7 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿ, 2007ರ ಜನವರಿಯಲ್ಲಿ ವ್ಯವಹಾರ ಮುಗಿಸಿತು. ಚಿಪ್ಪು ಕೆಟ್ಟದ್ದಾಗಿತ್ತು ಅಂತಲ್ಲ. ಆದಾಯದ ಬಹುಪಾಲು ಒಂದೇ ಕಡೆಯಿಂದ ಬರುತ್ತಿತ್ತು, ಆ ವಿಷಯ ಕಂಪನಿಯ ವರದಿಗಳಲ್ಲೇ ಅಚ್ಚಾಗಿತ್ತು. ಓದಿದವರಿಗೆ ಗೊತ್ತಿತ್ತು.

ಈಗ ಹಂತ ಹಂತವಾಗಿ ನೋಡೋಣ.

1. ನಿಮ್ಮ ಹಕ್ಕು ಎಲ್ಲಿಯವರೆಗೆ

ಷೇರುದಾರರಾದ ಮಾತ್ರಕ್ಕೆ ಕಚೇರಿಯ ಒಳಗೆ ಹೋಗುವ ಹಕ್ಕು ಬರುವುದಿಲ್ಲ. ವಾರ್ಷಿಕ ಮಹಾಸಭೆಗೆ ಹೋಗುವುದು, ಮತ ಹಾಕುವುದು, ವಾರ್ಷಿಕ ವರದಿ ಪಡೆಯುವುದು ನಿಮ್ಮ ಹಕ್ಕು. ಪ್ರಯೋಗಾಲಯ ನೋಡುವುದು, ಎಂಜಿನಿಯರ್ ಜೊತೆ ಮಾತಾಡುವುದು ಅವರ ಸೌಜನ್ಯ. ಈ ವ್ಯತ್ಯಾಸ ಮರೆತವರು "ನಾನೂ ಒಬ್ಬ ಮಾಲೀಕ" ಎಂದು ಸ್ವಾಗತ ಕೌಂಟರಿನಲ್ಲಿ ದನಿ ಏರಿಸುತ್ತಾರೆ, ಅಲ್ಲಿಗೆ ಭೇಟಿ ಮುಗಿಯುತ್ತದೆ. ಮೊದಲೇ ಹೇಳದೆ ಹೋಗುವುದಂತೂ ಬೇಡವೇ ಬೇಡ.

ಷೇರುಗಳು ಬ್ರೋಕರ್ ಹೆಸರಿನಲ್ಲೋ ಡಿಪಾಸಿಟರಿಯಲ್ಲೋ ಇದ್ದರೆ, ಅಂದರೆ ಕಾಗದದ ಷೇರುಪತ್ರ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಕಂಪನಿಯ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು ನೇರವಾಗಿ ಕಾಣದೇ ಇರಬಹುದು. ಇತ್ತೀಚಿನ ಹೋಲ್ಡಿಂಗ್ ಸ್ಟೇಟ್‌ಮೆಂಟಿನ ಒಂದು ಪ್ರತಿ ತೆಗೆದಿಡಿ. ಖಾತೆ ಸಂಖ್ಯೆಯನ್ನು ಮಸುಕು ಮಾಡಿ ಕಳಿಸಿದರೂ ನಡೆಯುತ್ತದೆ.

2. ಮೊದಲು ಕಾಗದ ಓದಿ

ಭೇಟಿಯ ಮುಕ್ಕಾಲು ಕೆಲಸ ಇಲ್ಲೇ ಇದೆ. ಇದನ್ನು ಹಾರಿಸಿ ಹೋದರೆ ಚಹಾ ಕುಡಿದು, ಫೋಟೋ ತೆಗೆಸಿಕೊಂಡು ಬರುತ್ತೀರಿ ಅಷ್ಟೇ.

ಮೊದಲು ಕಂಪನಿ ಯಾವ ಬಗೆಯದು ಎಂದು ಗುರುತು ಹಾಕಿಕೊಳ್ಳಿ. "ಆಡಿಯೋ ತಂತ್ರಜ್ಞಾನ ಕಂಪನಿ" ಅಂದಾಗ ನಾಲ್ಕು ಬೇರೆ ಬೇರೆ ವ್ಯಾಪಾರಗಳಿರುತ್ತವೆ. ತನ್ನದೇ ಹೆಸರಿನಲ್ಲಿ ಸಾಧನ ಮಾರುವವರು ಒಂದು ಬಗೆ. ಬೇರೆಯವರ ಹೆಸರಿಗೆ ವಿನ್ಯಾಸ ಮಾಡಿ, ತಯಾರಿಸಿಯೂ ಕೊಡುವವರು ಇನ್ನೊಂದು, ಇವರನ್ನು ಒಡಿಎಂ ಅನ್ನುತ್ತಾರೆ. ಚಿಪ್ಪು ಮಾರುವವರು ಮೂರನೆಯವರು. ಪೇಟೆಂಟ್ ಅಥವಾ ಸಾಫ್ಟ್‌ವೇರಿಗೆ ಲೈಸೆನ್ಸ್ ಕೊಟ್ಟು ರಾಯಲ್ಟಿ, ಅಂದರೆ ಪ್ರತಿ ಸಾಧನಕ್ಕೆ ಇಷ್ಟು ಎಂದು ಬಾಡಿಗೆಯಂತೆ ಹಣ ಪಡೆಯುವವರು ನಾಲ್ಕನೆಯವರು. ಒಬ್ಬರಿಗೆ ಕೇಳಬೇಕಾದ ಪ್ರಶ್ನೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಲೈಸೆನ್ಸ್ ಕಂಪನಿಯ ಗೋದಾಮು ಖಾಲಿ ಇದೆ ಎಂದು ಗಾಬರಿಯಾದರೆ ಅರ್ಥವಿಲ್ಲ. ಸಾಧನ ಮಾರುವವರ ಗೋದಾಮು ತುಂಬಿ ತುಳುಕುತ್ತಿದ್ದರೆ ಮಾತ್ರ ಯೋಚಿಸಬೇಕು.

ಆಮೇಲೆ ವಾರ್ಷಿಕ ವರದಿ ತೆರೆದು, ಮುಂದಿನ ಪುಟಗಳ ಬಣ್ಣದ ಚಿತ್ರಗಳನ್ನು ದಾಟಿ ಟಿಪ್ಪಣಿಗಳಿಗೆ ಹೋಗಿ. ಒಟ್ಟು ಆದಾಯದ ಶೇ. 10 ಅಥವಾ ಅದಕ್ಕಿಂತ ಹೆಚ್ಚು ಒಬ್ಬನೇ ಗ್ರಾಹಕನಿಂದ ಬರುತ್ತಿದ್ದರೆ ಅದನ್ನು ತಿಳಿಸಬೇಕೆಂಬುದು ಅಮೆರಿಕದ ಲೆಕ್ಕಪತ್ರ ನಿಯಮದಲ್ಲೂ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇದೆ. ಗ್ರಾಹಕನ ಹೆಸರು ಇಲ್ಲದಿರಬಹುದು, ಅಂಕಿ ಇರುತ್ತದೆ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಮುಂದೆ ಬರಬೇಕಾದ ಬಾಕಿ ಎಷ್ಟಿದೆ ನೋಡಿ. ಲೆಕ್ಕ ಸುಲಭ: ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಮಾರಾಟ 100, ಬಾಕಿ 40 ಆಗಿದ್ದರೆ 146 ದಿನ. ಅಂದರೆ ಮಾರಿದ ಮಾಲಿನ ದುಡ್ಡು ಕೈಗೆ ಬರಲು ಸರಾಸರಿ ಐದು ತಿಂಗಳು. ಹಿಂದಿನ ವರ್ಷ ಇದು 70 ದಿನ ಇತ್ತು ಎಂದಾದರೆ, ಮಾಲನ್ನು ಅಂಗಡಿಗಳಿಗೆ ಒತ್ತಾಯದಿಂದ ತುಂಬಿದ್ದಾರಾ ಎಂಬ ಅನುಮಾನ ನ್ಯಾಯವಾದದ್ದು. ಇದೇ ರೀತಿ ದಾಸ್ತಾನನ್ನೂ ನೋಡಿ, ಅದನ್ನು ಮಾರಾಟದ ಬದಲು ಮಾರಿದ ಮಾಲಿನ ವೆಚ್ಚದಿಂದ ಭಾಗಿಸಬೇಕು. ಎಲೆಕ್ಟ್ರಾನಿಕ್ಸ್ ದಾಸ್ತಾನು ಅಕ್ಕಿಯ ಹಾಗೆ ಹಳೆಯದಾದಷ್ಟೂ ಬೆಲೆ ಬರುವ ಮಾಲಲ್ಲ.

ಷೇರುಗಳ ಸಂಖ್ಯೆ ಐದು ವರ್ಷದಲ್ಲಿ ಎಷ್ಟು ಹೆಚ್ಚಿದೆ ಎಂಬುದನ್ನೂ ಬರೆದಿಡಿ. ನಷ್ಟದಲ್ಲಿರುವ ಸಣ್ಣ ಕಂಪನಿಗಳು ಹೊಸ ಷೇರು, ವಾರಂಟ್ (ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕುಪತ್ರ), ಷೇರಾಗಿ ಬದಲಾಗುವ ಸಾಲ ಹೀಗೆ ಹಣ ಎತ್ತುತ್ತವೆ. ಕಂಪನಿ ಎರಡು ಪಟ್ಟು ಬೆಳೆದು ಷೇರುಗಳ ಸಂಖ್ಯೆ ಮೂರು ಪಟ್ಟಾದರೆ ನಿಮ್ಮ ಪಾಲಿಗೆ ಬಂದದ್ದು ಇಳಿಕೆಯೇ. ಲೆಕ್ಕಪರಿಶೋಧಕರ ವರದಿಯಲ್ಲಿ ಕಂಪನಿ "ಮುಂದುವರಿಯುವ ಸಾಮರ್ಥ್ಯ"ದ ಬಗ್ಗೆ ಸಂದೇಹದ ಸಾಲು ಇದೆಯಾ ಎಂದು ಹುಡುಕಿ. ಇದ್ದರೆ ಭೇಟಿಯ ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆ ನಿಲ್ಲುತ್ತವೆ.

ಪೇಟೆಂಟ್ ಬಗ್ಗೆ ಒಂದು ಮಾತು. "ನಮ್ಮಲ್ಲಿ ಇಷ್ಟು ಪೇಟೆಂಟ್ ಇವೆ" ಎಂಬ ಎಣಿಕೆಗೆ ಬೆರಗಾಗಬೇಡಿ. ಪೇಟೆಂಟ್ ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಪ್ರತಿ ಪೇಟೆಂಟ್ ಯಾವಾಗ ಮುಗಿಯುತ್ತದೆ, ನವೀಕರಣ ಶುಲ್ಕ ಕಟ್ಟಿದ್ದಾರಾ ಎಂಬುದು ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ. ಹಾಡಿನ ಫೈಲನ್ನು ಕುಗ್ಗಿಸಿಡುವ ಎಂಪಿ3 ವಿಧಾನವನ್ನೇ ತೆಗೆದುಕೊಳ್ಳಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆ ಅದನ್ನು ರೂಪಿಸಿದವರಲ್ಲಿ ಮುಖ್ಯ. ಎಷ್ಟೋ ವರ್ಷ ಜಗತ್ತಿನಾದ್ಯಂತ ಅದಕ್ಕೆ ಲೈಸೆನ್ಸ್ ಶುಲ್ಕ ಬರುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಆ ಲೈಸೆನ್ಸ್ ಕಾರ್ಯಕ್ರಮ ಮುಗಿಯಿತು. ಹಾಡುಗಳು ಈಗಲೂ ಎಂಪಿ3ಯಲ್ಲೇ ಓಡಾಡುತ್ತಿವೆ, ಶುಲ್ಕ ಮಾತ್ರ ನಿಂತಿದೆ. ಇನ್ನೊಂದು ಬದಿಯ ಉದಾಹರಣೆಯೂ ಇದೆ. ಪ್ಲೇಯರಿನಲ್ಲಿ ಹಾಡುಗಳನ್ನು ಮೆನುವಿನಿಂದ ಮೆನುವಿಗೆ ಇಳಿದು ಹುಡುಕುವ ವಿಧಾನಕ್ಕೆ ಕ್ರಿಯೇಟಿವ್ ಕಂಪನಿ ಪಡೆದಿದ್ದ ಒಂದು ಪೇಟೆಂಟಿಗೆ, ವ್ಯಾಜ್ಯ ಮುಗಿಸಲು 2006ರ ಆಗಸ್ಟ್‌ನಲ್ಲಿ ಆಪಲ್ 10 ಕೋಟಿ ಡಾಲರ್ ಕೊಟ್ಟಿತು. ಎಷ್ಟು ಪೇಟೆಂಟ್ ಅನ್ನುವುದಕ್ಕಿಂತ, ಬೇರೆಯವರು ಬಿಟ್ಟು ಹೋಗಲಾಗದ ದಾರಿಯ ಮೇಲೆ ಕೂತಿರುವ ಪೇಟೆಂಟ್ ಯಾವುದು ಎಂದು ಹುಡುಕಿ.

ಕೊನೆಗೆ, ಬ್ಲೂಟೂತ್‌ನಂತೆ ತಂತಿಯಿಲ್ಲದೆ ರೇಡಿಯೋ ಸಂಕೇತ ಕಳಿಸುವ ಸಾಧನವಾದರೆ, ಬ್ಲೂಟೂತ್ ಸಂಘದ ಅರ್ಹತಾ ಪಟ್ಟಿಯನ್ನೂ ಇಂಥ ಸಾಧನಗಳಿಗೆ ಅನುಮತಿ ನೋಡಿಕೊಳ್ಳುವ ಅಮೆರಿಕದ ಎಫ್‌ಸಿಸಿಯ ದಾಖಲೆಯನ್ನೂ ನೋಡಿ. ಎರಡೂ ಸಾರ್ವಜನಿಕ. "ಮುಂದಿನ ತಿಂಗಳೇ ಅಮೆರಿಕದ ಮಾರುಕಟ್ಟೆಗೆ" ಅನ್ನುವ ಸಾಧನದ ಹೆಸರು ಅಲ್ಲಿ ಕಾಣದಿದ್ದರೆ, ಹೋದಾಗ ಕೇಳಲು ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು. ಸಿಕ್ಕಿಹಾಕಿಸುವ ದನಿ ಬೇಡ. ಬಿಡುಗಡೆಯಾಗದ ಸಾಧನಗಳ ಕೆಲವು ದಾಖಲೆಗಳನ್ನು ಸ್ವಲ್ಪ ಕಾಲ ಗೌಪ್ಯವಾಗಿಡಲು ಅವಕಾಶವಿದೆ.

3. ಪತ್ರ ಬರೆಯಿರಿ

ಹೂಡಿಕೆದಾರರ ಸಂಪರ್ಕ ವಿಭಾಗಕ್ಕೆ, ಅದಿಲ್ಲದಿದ್ದರೆ ಕಂಪನಿ ಕಾರ್ಯದರ್ಶಿಗೆ ಇಮೇಲ್ ಮಾಡಿ. ಚಿಕ್ಕದಾಗಿರಲಿ, ಈ ಧಾಟಿಯಲ್ಲಿ:

"ಮಾನ್ಯರೇ, ನಾನು ನಿಮ್ಮ ಕಂಪನಿಯ ಷೇರುದಾರ, ಹೋಲ್ಡಿಂಗ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ನಿಮ್ಮ ಕಳೆದ ಎರಡು ವಾರ್ಷಿಕ ವರದಿಗಳನ್ನು ಓದಿದ್ದೇನೆ. ಕಚೇರಿಗೆ ಬಂದು ಅರ್ಧ ಗಂಟೆ ಮಾತನಾಡಲು, ಸಾಧ್ಯವಾದರೆ ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನದ ಪ್ರಾತ್ಯಕ್ಷಿಕೆ ನೋಡಲು ಅವಕಾಶವಿದೆಯೇ? ಕೇಳಬೇಕೆಂದಿರುವ ಐದು ಪ್ರಶ್ನೆ ಕೆಳಗಿವೆ. ಪ್ರಕಟವಾಗದ ಯಾವುದೇ ಮಾಹಿತಿ ನನಗೆ ಬೇಡ."

ಕೊನೆಯ ವಾಕ್ಯವನ್ನು ಬಿಡಬೇಡಿ. ಆ ಕಡೆ ಓದುವವರ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಪ್ರಶ್ನೆಗಳನ್ನು ಮೊದಲೇ ಕಳಿಸಿದರೆ ತಯಾರಾಗಿ ಉತ್ತರ ಕೊಡುತ್ತಾರಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ತಯಾರಾಗಿಯೇ ಕೊಡಲಿ. ತಯಾರಿ ಮಾಡಿಕೊಂಡ ಮೇಲೂ ಉತ್ತರ ಜಾರಿದರೆ ಅದೂ ಒಂದು ಉತ್ತರವೇ.

ದಿನಾಂಕ ಆರಿಸುವಾಗ ತ್ರೈಮಾಸಿಕ ಫಲಿತಾಂಶಕ್ಕೆ ಮುಂಚಿನ ವಾರಗಳನ್ನು ಬಿಡಿ. ಆಗ ಬಹುತೇಕ ಕಂಪನಿಗಳು ಮೌನ ಪಾಲಿಸುತ್ತವೆ. ಫಲಿತಾಂಶ ಪ್ರಕಟವಾಗಿ ಒಂದೆರಡು ವಾರದ ನಂತರ ಹೋದರೆ ಅಂಕಿಗಳು ಬಿಸಿಯಾಗಿರುತ್ತವೆ, ಮಾತಾಡುವವರಿಗೂ ಧೈರ್ಯ ಇರುತ್ತದೆ. ಮಹಾಸಭೆಯ ದಿನವೇ ಕೇಳಿಕೊಳ್ಳುವುದು ಇನ್ನೂ ಸುಲಭ, ನಿರ್ದೇಶಕರೆಲ್ಲ ಹೇಗೂ ಅಲ್ಲೇ ಇರುತ್ತಾರೆ.

ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಮೌನವಾದರೆ ಬಿಟ್ಟುಬಿಡಿ, ಅದೇ ಐದು ಪ್ರಶ್ನೆ ಮಹಾಸಭೆಯಲ್ಲಿ ಕೇಳಿ.

4. ಜೊತೆಗೆ ಒಯ್ಯಬೇಕಾದದ್ದು

ಗುರುತಿನ ಚೀಟಿ, ನೋಟ್‌ಬುಕ್, ವರದಿಯ ಗುರುತು ಹಾಕಿದ ಪುಟಗಳು. ನಿಮಗೆ ತುಂಬ ಪರಿಚಯವಿರುವ ತಂತಿ ಹೆಡ್‌ಫೋನ್. ನೂರಾರು ಸಲ ಕೇಳಿದ ಎರಡು ಹಾಡು: ಒಂದು ಬರೀ ಕಂಠ ಮತ್ತು ತಂಬೂರಿ ಇರುವಂಥದ್ದು, ಇನ್ನೊಂದರಲ್ಲಿ ಮೃದಂಗವೋ ತಬಲವೋ ಜೋರಾಗಿರುವಂಥದ್ದು. ಎರಡೂ ಸಂಕುಚಿತಗೊಳಿಸದ ಫೈಲ್ ಆಗಿರಲಿ. ಈ ಹಾಡುಗಳು ಯಾಕೆಂದು ಆರನೇ ಹಂತದಲ್ಲಿ ಹೇಳುತ್ತೇನೆ. ಧ್ವನಿಮುದ್ರಣ ಮಾಡಿಕೊಳ್ಳಬೇಕೆಂದಿದ್ದರೆ ಅನುಮತಿ ಕೇಳಿ, ಕದ್ದು ಮಾಡಬೇಡಿ.

5. ಕೂತು ಮಾತಾಡುವಾಗ

ಸಾಮಾನ್ಯವಾಗಿ ಸಿಗುವುದು ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಅವರ ಸ್ಲೈಡುಗಳು ತಿಂದುಬಿಡುತ್ತವೆ. "ಸ್ಲೈಡುಗಳನ್ನು ನೋಡಿದ್ದೇನೆ, ನೇರವಾಗಿ ಪ್ರಶ್ನೆಗೆ ಹೋಗೋಣವೇ" ಎಂದು ವಿನಯದಿಂದಲೇ ಕೇಳಬಹುದು.

ಷೇರಿನ ಬೆಲೆಯ ಬಗ್ಗೆ ಕೇಳಬೇಡಿ. "ಷೇರು ಯಾವಾಗ ಏರುತ್ತೆ ಸರ್?" ಎಂದು ಕೇಳಿದ ಕ್ಷಣ ಎದುರಿಗಿರುವವರು ನಿಮ್ಮ ಜೊತೆ ಗಂಭೀರವಾಗಿ ಮಾತಾಡುವುದನ್ನು ನಿಲ್ಲಿಸುತ್ತಾರೆ. ಅವರಿಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ.

"ಡಿಸೈನ್ ವಿನ್" ಎಂಬ ಮಾತು ಖಂಡಿತ ಬರುತ್ತದೆ. ದೊಡ್ಡ ಕಂಪನಿಯೊಂದು ತನ್ನ ಮುಂದಿನ ಸಾಧನಕ್ಕೆ ಇವರ ಚಿಪ್ಪನ್ನೋ ಸಾಫ್ಟ್‌ವೇರನ್ನೋ ಆರಿಸಿಕೊಂಡಿದೆ ಎಂದು ಅದರರ್ಥ. ಕೇಳಲು ಹಿತವಾಗಿರುತ್ತದೆ. ಆದರೆ ಆರಿಸಿಕೊಂಡದ್ದು ಬೇರೆ, ಆರ್ಡರ್ ಕೊಟ್ಟದ್ದು ಬೇರೆ. ಆ ಸಾಧನ ಮಾರುಕಟ್ಟೆಗೇ ಬರದೆ ಹೋಗಬಹುದು, ಬಂದು ಮಾರಾಟವಾಗದೆ ಹೋಗಬಹುದು. ಆದ್ದರಿಂದ ಹೀಗೆ ಕೇಳಿ: "ಹಿಂದೆ ಪ್ರಕಟಿಸಿದ ಡಿಸೈನ್ ವಿನ್‌ಗಳಲ್ಲಿ ಎಷ್ಟು ಸಾಧನಗಳು ಮಾರಾಟಕ್ಕೆ ಬಂದವು?" ಹಳೆಯ ಪತ್ರಿಕಾ ಹೇಳಿಕೆಗಳ ಪಟ್ಟಿ ನಿಮ್ಮ ಕೈಯಲ್ಲಿ ಇದ್ದರೆ ಈ ಪ್ರಶ್ನೆಗೆ ಬಲ ಬರುತ್ತದೆ. ಎಲ್ಲವೂ ಪ್ರಕಟವಾದ ಸಂಗತಿ, ಉತ್ತರಿಸಲು ಅವರಿಗೂ ಅಡ್ಡಿಯಿಲ್ಲ.

ಇನ್ನೊಂದು ಪದ ಎನ್‌ಆರ್‌ಇ. ವಿನ್ಯಾಸ ಮಾಡಿಕೊಡಲು ಗ್ರಾಹಕ ಒಮ್ಮೆ ಮಾತ್ರ ಕೊಡುವ ಎಂಜಿನಿಯರಿಂಗ್ ಶುಲ್ಕ ಅದು. ಈ ವರ್ಷದ ಆದಾಯ ಏರಿದ್ದು ಎನ್‌ಆರ್‌ಇಯಿಂದಲೋ, ಮಾರಾಟದಿಂದಲೋ, ರಾಯಲ್ಟಿಯಿಂದಲೋ ಎಂದು ಬಿಡಿಸಿ ಕೇಳಿ. ಒಮ್ಮೆ ಬಂದ ದುಡ್ಡನ್ನು ಪ್ರತಿವರ್ಷ ಬರುವ ದುಡ್ಡಿನಂತೆ ಲೆಕ್ಕ ಹಾಕಿ ಮೋಸಹೋದವರು ಬಹಳ.

ಸಾಧನ ಮಾರುವ ಕಂಪನಿಯಾದರೆ ಬಿಒಎಂ ಬಗ್ಗೆ ಕೇಳಿ. ಒಂದು ಸಾಧನಕ್ಕೆ ಬೇಕಾಗುವ ಪ್ರತಿ ಬಿಡಿಭಾಗದ ಪಟ್ಟಿ ಮತ್ತು ವೆಚ್ಚಕ್ಕೆ ಆ ಹೆಸರು. ಪೂರ್ತಿ ಪಟ್ಟಿ ತೋರಿಸುವುದಿಲ್ಲ, ಕೇಳುವುದೂ ಸರಿಯಲ್ಲ. "ಮೆಮೊರಿ, ಬ್ಯಾಟರಿ, ಮುಖ್ಯ ಚಿಪ್ಪು ಇವುಗಳಲ್ಲಿ ಒಬ್ಬನೇ ಪೂರೈಕೆದಾರನನ್ನು ನಂಬಿರುವುದು ಯಾವುದಕ್ಕೆ?" ಎಂದು ಕೇಳಿದರೆ ಸಾಕು. ಫ್ಲ್ಯಾಷ್ ಮೆಮೊರಿಯ ಬೆಲೆ ಏರಿಳಿಯುವುದು ಈ ಉದ್ಯಮದ ಹಳೆಯ ತಲೆನೋವು. 2005ರ ನವೆಂಬರ್‌ನಲ್ಲಿ ಆಪಲ್ ಐದು ಮೆಮೊರಿ ತಯಾರಕರಿಗೆ ಒಟ್ಟು 125 ಕೋಟಿ ಡಾಲರ್ ಮುಂಗಡ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿತು, 2010ರವರೆಗಿನ ಪೂರೈಕೆಯನ್ನು ಗಟ್ಟಿಮಾಡಿಕೊಳ್ಳಲು. ಅಂಥ ಖರೀದಿದಾರ ಇರುವ ಪೇಟೆಯಲ್ಲಿ ಸಣ್ಣ ಕಂಪನಿಗೆ ಸಿಗುವುದು ಉಳಿದದ್ದು, ಅದೂ ಆ ದಿನದ ಬೆಲೆಗೆ. ನಿಮ್ಮ ಕಂಪನಿ ಇದನ್ನು ಹೇಗೆ ನಿಭಾಯಿಸುತ್ತದೆ ಎಂಬುದು ಲಾಭದ ಅಂಚನ್ನು ನೇರವಾಗಿ ಮುಟ್ಟುತ್ತದೆ.

ಫೋನೇ ಪ್ಲೇಯರ್ ಆದ ಮೇಲೆ ನಿಮ್ಮ ಜಾಗ ಎಲ್ಲಿ ಎಂಬ ಪ್ರಶ್ನೆಯನ್ನೂ ಬಿಡಬೇಡಿ. ಆಪಲ್ 2022ರ ಮೇ ತಿಂಗಳಲ್ಲಿ ಕೊನೆಯ ಐಪಾಡನ್ನೂ ನಿಲ್ಲಿಸಿತು. ಬರೀ ಹಾಡು ಕೇಳಲೆಂದೇ ಸಾಧನ ಕೊಳ್ಳುವವರು ಈಗಲೂ ಇದ್ದಾರೆ, ಆದರೆ ಅವರು ಯಾರು, ಎಷ್ಟು ಜನ, ಯಾಕೆ ಕೊಳ್ಳುತ್ತಾರೆ ಎಂದು ಕಂಪನಿಗೆ ಸ್ಪಷ್ಟವಾಗಿ ಗೊತ್ತಿರಬೇಕು.

6. ಪ್ರಾತ್ಯಕ್ಷಿಕೆ ನೋಡುವಾಗ

ಹೆಚ್ಚು ಜನ ಮರುಳಾಗುವುದು ಇಲ್ಲಿ. ಮಂದ ಬೆಳಕಿನ ಕೋಣೆ, ಮೆತ್ತನೆಯ ಕುರ್ಚಿ, ಆರಿಸಿದ ಹಾಡು. ಯಾವ ಡಬ್ಬಿಯೂ ಅಲ್ಲಿ ಚೆನ್ನಾಗಿಯೇ ಹಾಡುತ್ತದೆ.

ಮೊದಲು ಸಾಧನ ಯಾವ ಹಂತದ್ದು ಎಂದು ಕೇಳಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಮೂರು ಮೆಟ್ಟಿಲುಗಳಿವೆ. ಇವಿಟಿ ಅಂದರೆ ಸರ್ಕಿಟ್ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ. ಡಿವಿಟಿ ಅಂದರೆ ಅಂತಿಮ ಕವಚದೊಳಗೆ, ಬಿದ್ದರೂ ಬಿಸಿಯಾದರೂ ಬಾಳುತ್ತದೆಯೇ ಎಂಬ ಪರೀಕ್ಷೆ. ಪಿವಿಟಿ ಅಂದರೆ ಕಾರ್ಖಾನೆಯ ಸಾಲಿನಲ್ಲೇ, ಅದೇ ಕೆಲಸಗಾರರ ಕೈಯಲ್ಲಿ ಮಾಡಿ ನೋಡುವುದು. ಇವಿಟಿಯಲ್ಲಿರುವ ಸಾಧನವನ್ನು "ಬಹುತೇಕ ಸಿದ್ಧ" ಅನ್ನುವುದು ಅಡಿಪಾಯ ಹಾಕಿ ಗೃಹಪ್ರವೇಶಕ್ಕೆ ಕರೆದ ಹಾಗೆ.

ಒಮ್ಮೆ ಒಂದು ಕಂಪನಿಯಲ್ಲಿ ನನಗೆ ತೋರಿಸಿದ ಪ್ಲೇಯರ್ ಸೊಗಸಾಗಿತ್ತು. ಕೈಗೆತ್ತಿಕೊಳ್ಳಲು ಹೋದಾಗ ಮೇಜಿನಿಂದ ಮೇಲೇಳಲಿಲ್ಲ. ಹಿಂಬದಿಯ ಸಣ್ಣ ತೂತಿನಿಂದ ಕೆಂಪು, ಕಪ್ಪು ಎರಡು ತಂತಿ ಹೊರಟು ಮೇಜುಬಟ್ಟೆಯ ಕೆಳಗೆ ವಿದ್ಯುತ್ ಪೆಟ್ಟಿಗೆಗೆ ಸೇರಿದ್ದವು. ಒಳಗೆ ಬ್ಯಾಟರಿಯೇ ಇರಲಿಲ್ಲ. ಮಾದರಿ ಸಾಧನದಲ್ಲಿ ಅದು ತಪ್ಪೇನಲ್ಲ, ಮೊದಲೇ ಹೇಳಲಿಲ್ಲ ಎಂಬುದು ತಪ್ಪು. ಅಂದಿನಿಂದ ನಾನು ಸಾಧನವನ್ನು ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿಯೇ ಕಿವಿಗೆ ಹಾಕುತ್ತೇನೆ. ನೀವೂ ಹಾಗೇ ಮಾಡಿ, ಕೇಳಿಕೊಂಡು.

ಈಗ ಕೇಳುವ ವಿಷಯ. ನಿಮ್ಮ ಹಾಡು, ನಿಮ್ಮ ಹೆಡ್‌ಫೋನ್ ಹಾಕಿ ಕೇಳಬಹುದೇ ಎನ್ನಿ. ಎರಡು ಸಾಧನ ಹೋಲಿಸಿ ತೋರಿಸುತ್ತಿದ್ದರೆ ಎರಡರ ಸದ್ದೂ ಒಂದೇ ಮಟ್ಟದಲ್ಲಿದೆಯಾ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸ್ವಲ್ಪ ಜೋರಾಗಿರುವುದು ನಮ್ಮ ಕಿವಿಗೆ ಚೆನ್ನಾಗಿರುವಂತೆಯೇ ಕೇಳುತ್ತದೆ. ಮಾರಾಟಗಾರರಿಗೆ ಇದು ಚೆನ್ನಾಗಿ ಗೊತ್ತು. ತಂಬೂರಿಯ ಹಾಡಿನಲ್ಲಿ, ಗಾಯಕ ಉಸಿರು ತೆಗೆದುಕೊಳ್ಳುವ ಮೌನದಲ್ಲಿ ಹಿಂದಿನಿಂದ 'ಸ್ಸ್' ಎಂಬ ಗುಯ್ಗುಡುವಿಕೆ ಇದೆಯಾ ಗಮನಿಸಿ. ತಾಳವಾದ್ಯದ ಹಾಡಿನಲ್ಲಿ ಪೆಟ್ಟು ಬಿದ್ದ ಮೇಲೆ ಅದು ಗಡಸಾಗಿ ನಿಲ್ಲುತ್ತದೋ, ಮಸುಕಾಗಿ ಎಳೆಯುತ್ತದೋ ಕೇಳಿ.

ಅಂಕಿಗಳ ಗೊಂದಲವನ್ನೂ ಬಿಡಿಸಿಕೊಂಡು ಹೋಗಿ. ಸಿಡಿಯ ಧ್ವನಿ ಸೆಕೆಂಡಿಗೆ 44,100 ಮಾದರಿ (ಅಂದರೆ ಧ್ವನಿಯನ್ನು ಅಷ್ಟು ಸಲ ಅಳೆದು ಬರೆದದ್ದು), ಪ್ರತಿಯೊಂದಕ್ಕೂ 16 ಬಿಟ್, ಎರಡು ಕಿವಿಗೆ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್. 128 ಕಿಲೋಬಿಟ್‌ನ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲು. ಕಿಲೋಬಿಟ್ ಬೇರೆ, ಕಿಲೋಬೈಟ್ ಬೇರೆ, ಎಂಟು ಬಿಟ್ ಸೇರಿ ಒಂದು ಬೈಟ್. ಈ ಲೆಕ್ಕದಲ್ಲಿ ನಾಲ್ಕು ನಿಮಿಷದ ಎಂಪಿ3 ಹಾಡು ಸುಮಾರು 3.8 ಮೆಗಾಬೈಟ್. 1998ರಲ್ಲಿ ಬಂದ ಡೈಮಂಡ್ ರಿಯೋ ಪಿಎಂಪಿ300 ಎಂಬ ಪ್ಲೇಯರಿನ 32 ಮೆಗಾಬೈಟ್ ಮೆಮೊರಿಯಲ್ಲಿ ಈ ಗುಣಮಟ್ಟದ ಎಂಟೇ ಹಾಡು ಹಿಡಿಯುತ್ತಿದ್ದವು. ಅಷ್ಟಕ್ಕೇ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ ಕೋರ್ಟಿಗೆ ಹೋಯಿತು, 1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಪ್ಲೇಯರಿನ ಪರ ತೀರ್ಪು ಕೊಟ್ಟ ಮೇಲೆಯೇ ಈ ಉದ್ಯಮ ಉಸಿರಾಡಿದ್ದು.

ವೈರ್‌ಲೆಸ್ ಸಾಧನವಾದರೆ "ಯಾವ ಕೋಡೆಕ್?" ಎಂದು ಕೇಳಿ. ಧ್ವನಿಯನ್ನು ಕುಗ್ಗಿಸಿ ಕಳಿಸಿ, ಆ ಕಡೆ ಮತ್ತೆ ಹಿಗ್ಗಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಸಾಂಪ್ರದಾಯಿಕ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಎಸ್‌ಬಿಸಿ ಕಡ್ಡಾಯ. ಸೋನಿಯ ಎಲ್‌ಡ್ಯಾಕ್, ಕ್ವಾಲ್ಕಾಮ್‌ನ ಆಪ್ಟ್‌ಎಕ್ಸ್ ಹೆಚ್ಚುವರಿ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೋದಲ್ಲಿ ಎಲ್‌ಸಿ3 ಎಂಬ ಹೊಸದು ಬಂದಿದೆ. ಫೋನು ಮತ್ತು ಹೆಡ್‌ಫೋನು ಎರಡೂ ಒಂದೇ ಕೋಡೆಕ್ ಬಲ್ಲವಾದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ ಸಂಪರ್ಕ ಎರಡಕ್ಕೂ ಗೊತ್ತಿರುವ ಇನ್ನೊಂದಕ್ಕೆ, ಕೊನೆಗೆ ಎಸ್‌ಬಿಸಿಗೆ ಇಳಿಯುತ್ತದೆ. ಎಲ್‌ಡ್ಯಾಕ್‌ನ ಗರಿಷ್ಠ ವೇಗವೇ ಸೆಕೆಂಡಿಗೆ 990 ಕಿಲೋಬಿಟ್, ಸಿಡಿಯ 1,411ಕ್ಕಿಂತ ಕಡಿಮೆ. ಆದ್ದರಿಂದ ಯಾರಾದರೂ "ತಂತಿಯಿಲ್ಲದೆ, ಏನೂ ನಷ್ಟವಿಲ್ಲದೆ" ಅಂದರೆ ಯಾವ ವಿಧಾನ, ಎಷ್ಟು ವೇಗ, ಎಷ್ಟು ದೂರದಲ್ಲಿ ಎಂದು ಮೂರೂ ಕೇಳಿ.

ಬ್ಯಾಟರಿ ಇಷ್ಟು ಗಂಟೆ ಬರುತ್ತದೆ ಅಂದಾಗ: ಎಷ್ಟು ಸದ್ದಿನಲ್ಲಿ, ಯಾವ ಕೋಡೆಕ್‌ನಲ್ಲಿ, ಶಬ್ದ ತಡೆಯುವ ಸೌಲಭ್ಯ ಚಾಲೂ ಇಟ್ಟೋ ಆರಿಸಿಯೋ? ಇಷ್ಟು ಕೇಳದೆ ಆ ಅಂಕಿಯನ್ನು ಬರೆದುಕೊಳ್ಳಬೇಡಿ.

7. ಪ್ರಯೋಗಾಲಯದ ಒಳಗೆ

ಎಲ್ಲರಿಗೂ ಸಿಗುವ ಅವಕಾಶವಲ್ಲ. ಸಿಕ್ಕರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯಿರಿ. ಮೈಯ ಸ್ಥಾಯಿ ವಿದ್ಯುತ್ತಿನಿಂದಲೇ ಚಿಪ್ಪು ಸುಟ್ಟುಹೋಗಬಹುದು, ಮಣಿಕಟ್ಟಿಗೆ ಕಟ್ಟುವ ಪಟ್ಟಿ ಕೊಟ್ಟರೆ ಕಟ್ಟಿಕೊಳ್ಳಿ.

ಪ್ರತಿಧ್ವನಿಯಿಲ್ಲದ ಕೋಣೆ ಇದ್ದರೆ ಒಳಗೆ ಹೋಗಿ ನಿಲ್ಲಿ. ಗೋಡೆ, ಚಾವಣಿ ಎಲ್ಲ ಕಡೆ ಚೂಪಾದ ಫೋಮ್ ಬೆಣೆಗಳು, ಕೆಲವು ಕಡೆ ನಿಲ್ಲಲು ತಂತಿ ಬಲೆಯ ನೆಲ. ಬಾಗಿಲು ಮುಚ್ಚಿದ ಕೂಡಲೇ ಕಿವಿಗೆ ಏನೋ ಒತ್ತಿದ ಹಾಗಾಗುತ್ತದೆ, ನಿಮ್ಮದೇ ಮಾತು ಬಾಯಿಂದ ಹೊರಟು ಅಲ್ಲೇ ಸತ್ತುಹೋಗುತ್ತದೆ. ಮಧ್ಯದಲ್ಲಿ ರಬ್ಬರ್ ಕಿವಿಗಳ ಬೊಂಬೆ ತಲೆ ಇರುತ್ತದೆ, ಕಿವಿಯೊಳಗೆ ಮೈಕ್. ಇಯರ್‌ಬಡ್ ಪರೀಕ್ಷೆ ಅದರ ಮೇಲೆ. ಇಂಥ ಕೋಣೆ ಸ್ವಂತದ್ದು ಇಲ್ಲದಿದ್ದರೆ ಕೊರತೆ ಅಂದುಕೊಳ್ಳಬೇಡಿ, ಬಾಡಿಗೆಗೆ ಸಿಗುವ ಪರೀಕ್ಷಾಲಯಗಳಿವೆ. ಕೊನೆಯ ಬಾರಿ ಅಳತೆ ಮಾಡಿದ್ದು ಯಾವ ಸಾಧನ, ಫಲಿತಾಂಶದ ವಕ್ರರೇಖೆ ನೋಡಬಹುದಾ ಎಂದು ಕೇಳಿ. ಎಂಜಿನಿಯರ್ ಉತ್ಸಾಹದಿಂದ ಪರದೆ ತಿರುಗಿಸಿ ತೋರಿಸಿದರೆ, ಆ ಮುಖ ನೋಡಿಯೇ ಕೆಲಸ ನಡೆಯುತ್ತಿದೆ ಎಂದು ತಿಳಿಯುತ್ತದೆ.

ಖಾಲಿ ಕುರ್ಚಿ, ಪಾರ್ಕಿಂಗಿನ ಕಾರು ಎಣಿಸಿ ತೀರ್ಮಾನಕ್ಕೆ ಬರಬೇಡಿ. ಊಟದ ಹೊತ್ತಾಗಿರಬಹುದು, ಮನೆಯಿಂದ ಕೆಲಸ ಮಾಡುತ್ತಿರಬಹುದು.

8. ಬಾಯಿ ತಪ್ಪಿ ಬಂದ ಮಾತು

ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಮಾತಿನ ಭರದಲ್ಲಿ ಯಾರಾದರೂ "ಮುಂದಿನ ವಾರ ಒಂದು ದೊಡ್ಡ ಸುದ್ದಿ ಇದೆ" ಎಂದು ವಿವರ ಬಿಟ್ಟುಕೊಟ್ಟರು ಅನ್ನಿ. ಅದು ಷೇರಿನ ಬೆಲೆಯನ್ನು ಅಲುಗಾಡಿಸುವಂಥ, ಇನ್ನೂ ಪ್ರಕಟವಾಗದ ಮಾಹಿತಿ. ಅದನ್ನು ನಂಬಿ ಕೊಂಡರೂ ಮಾರಿದರೂ, ಅಣ್ಣನಿಗೋ ಗೆಳತಿಗೋ ಹೇಳಿದರೂ ಒಳಗಿನ ಮಾಹಿತಿಯ ವ್ಯಾಪಾರದ ಅಪರಾಧಕ್ಕೆ ಸಿಲುಕಬಹುದು. ಭಾರತದಲ್ಲಿ ಸೆಬಿಯ 2015ರ ನಿಯಮಗಳು, ಯುರೋಪಿನಲ್ಲಿ 2016ರ ಜುಲೈನಿಂದ ಜಾರಿಯಲ್ಲಿರುವ ಮಾರುಕಟ್ಟೆ ದುರ್ಬಳಕೆ ನಿಯಮ, ಅಮೆರಿಕದಲ್ಲಿ ಅದಕ್ಕೂ ಹಳೆಯ ಕಾನೂನುಗಳು ಇದನ್ನು ನೋಡಿಕೊಳ್ಳುತ್ತವೆ. ಅಮೆರಿಕದಲ್ಲಿ 2000ದ ಅಕ್ಟೋಬರ್‌ನಿಂದ ರೆಗ್ಯುಲೇಷನ್ ಎಫ್‌ಡಿ ಎಂಬ ನಿಯಮವೂ ಇದೆ. ಅಂಥ ಮಾಹಿತಿಯನ್ನು ಆಯ್ದ ಕೆಲವರಿಗೆ ಮಾತ್ರ ಹೇಳುವಂತಿಲ್ಲ, ಅರಿಯದೆ ಹೇಳಿಬಿಟ್ಟರೆ ಬೇಗನೆ ಎಲ್ಲರಿಗೂ ಪ್ರಕಟಿಸಬೇಕು ಎಂಬುದು ಅದರ ಸಾರ. ದೊಡ್ಡ ವಿಶ್ಲೇಷಕರಿಗೆ ಮೊದಲು, ನಮ್ಮಂಥವರಿಗೆ ಆಮೇಲೆ ಎಂಬ ಪದ್ಧತಿಯನ್ನು ತಡೆಯಲೆಂದೇ ಬಂದ ನಿಯಮ ಅದು. ಸಣ್ಣ ಷೇರುದಾರರು ಅದನ್ನು ಮುರಿಯಲು ನೆರವಾಗಬಾರದು.

ಹಾಗಾದರೆ ಏನು ಮಾಡಬೇಕು? ಅಲ್ಲೇ ಮಾತು ನಿಲ್ಲಿಸಿ, "ಇದು ಪ್ರಕಟವಾದ ವಿಷಯವೇ?" ಎಂದು ಕೇಳಿ. ಅಲ್ಲ ಅಂದರೆ ಆ ದಿನವೇ ಹೂಡಿಕೆದಾರರ ಸಂಪರ್ಕ ವಿಭಾಗಕ್ಕೆ ಬರೆದು ತಿಳಿಸಿ, ಅದು ಪ್ರಕಟವಾಗುವವರೆಗೆ ಆ ಷೇರನ್ನು ಮುಟ್ಟಬೇಡಿ. ಸಂದೇಹವಿದ್ದರೆ ವಕೀಲರನ್ನು ಕೇಳಿ.

ಬಾಗಿಲಲ್ಲಿ ಗೌಪ್ಯತಾ ಒಪ್ಪಂದಕ್ಕೆ ಸಹಿ ಕೇಳಿದರೆ ಅಲ್ಲೇ ನಿಂತು ಪೂರ್ತಿ ಓದಿ. ಕಂಡ ಯಂತ್ರದ ಫೋಟೋ ಹಾಕುವುದಿಲ್ಲ ಎಂಬಷ್ಟಕ್ಕೆ ಸಹಿ ಹಾಕಬಹುದು. ಹಣಕಾಸಿನ ಗೌಪ್ಯ ಮಾಹಿತಿ ಪಡೆಯುತ್ತೇನೆ ಎಂಬ ಧಾಟಿಯಲ್ಲಿದ್ದರೆ ಬೇಡ. ಅದಾದ ಮೇಲೆ ನಿಮ್ಮದೇ ಷೇರನ್ನು ಬೇಕಾದಾಗ ಮಾರುವ ಸ್ವಾತಂತ್ರ್ಯಕ್ಕೆ ಕುತ್ತು ಬರುತ್ತದೆ.

9. ಬಂದ ಮೇಲೆ

ಅದೇ ಸಂಜೆ ಬರೆದಿಡಿ. ಪುಟವನ್ನು ಮೂರು ಭಾಗ ಮಾಡಿ: ಕಣ್ಣಾರೆ ಕಂಡದ್ದು, ಅವರು ಹೇಳಿದ್ದು, ನನಗೆ ಅನ್ನಿಸಿದ್ದು. "ಕಾರ್ಖಾನೆ ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿದೆ" ಎಂಬುದು ಎರಡನೆಯ ಭಾಗಕ್ಕೆ ಸೇರಿದ್ದು. ಹತ್ತು ದಿನ ಬಿಟ್ಟರೆ ಮೂರೂ ಕಲಸಿಹೋಗಿ, ಕೇಳಿದ್ದೆಲ್ಲ ಕಂಡದ್ದರಂತೆ ನೆನಪಾಗತೊಡಗುತ್ತದೆ.

ಬೇರೆ ಷೇರುದಾರರಿಗೆ ಹೇಳುವಾಗ ಈ ಮೂರು ಭಾಗಗಳನ್ನು ಬೆರೆಸಬೇಡಿ. ನಿಮ್ಮ ಉತ್ಸಾಹದ ಒಂದು ಸಾಲನ್ನು ನಂಬಿ ಇನ್ಯಾರೋ ದುಡ್ಡು ಹಾಕಬಹುದು. ಭೇಟಿಯಾದ ನೌಕರರ ಹೆಸರು ಹಾಕಬೇಡಿ.

ಮರಳಿದ ದಿನ ಷೇರು ಕೊಳ್ಳುವುದೂ ಬೇಡ, ಮಾರುವುದೂ ಬೇಡ. ನಕ್ಕು ಮಾತಾಡಿಸಿ ಚಹಾ ಕೊಟ್ಟವರ ಮೇಲಿನ ಅಭಿಮಾನ ಎರಡು ವಾರವಾದರೂ ಇರುತ್ತದೆ. ಮಾತಿಗೆ ಸಮಯ ಕೊಟ್ಟವರಿಗೆ ಎರಡು ಸಾಲಿನ ಧನ್ಯವಾದ ಕಳಿಸಿ, ಉತ್ತರ ಸಿಗದೆ ಉಳಿದ ಪ್ರಶ್ನೆಯಿದ್ದರೆ ಅದರಲ್ಲೇ ಸೇರಿಸಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಗ್ರಾಹಕನ ಶೇಕಡಾವಾರು ಬರೆದಿದ್ದೀರಲ್ಲ, ಅದರ ಪಕ್ಕ ಒಂದು ಸಾಲು ಖಾಲಿ ಬಿಡಿ. ಮುಂದಿನ ವಾರ್ಷಿಕ ವರದಿ ಬಂದ ದಿನ ಹೊಸ ಅಂಕಿಯನ್ನು ಅಲ್ಲಿ ತುಂಬಿ.